ಗರಗದ ಬಿಳಿ ಸೀರೆ

ಗೋವಿಂದಪ್ಪ ಮಾಸ್ತರ ಗರಗದಿಂದ ತಂದ ಬಿಳಿ ಖಾದಿ ಸೀರೆಯನ್ನು ಕಟ್ಟೆಯ ಮೇಲಿಟ್ಟು, ಗೋಡೆಯತ್ತ ನೋಡುತ್ತ ಹೇಳಿದ: "ನಿಮಗ್ರಿ, ವೈನಿ. ಮನಸಿಗೆ ಬಂದ್ರ ಉಡ್ರಿ. ಬರಲಿಲ್ಲಂದ್ರ ತಿರುಗಿ ಕೊಡ್ರಿ."

ಉಡಚವ್ವ ತೆಗೆದುಕೊಂಡಳು. ಮನಸ್ಸಿಗೆ ಏನೂ ಬರಲಿಲ್ಲ. ಗಂಡ ಹನುಮಪ್ಪ ವಿಷಮಶೀತ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು, ಆವತ್ತಿನಿಂದ ಹಾಗೇ. ಅತ್ತಿರಲೂ ಇಲ್ಲ. ರೊಟ್ಟಿ ಬಡಿಯುವಾಗ ಕಾದ ಹಂಚು ತಾಗಿದರೆ ಸ್ವಲ್ಪ ತಡವಾಗಿ ಕೈ ಹಿಂದಕ್ಕೆ ತೆಗೆಯುತ್ತಿದ್ದಳು.

ದೊಡ್ಡ ಮನೆಗಳ ಕೆಲವು ವಿಧವೆಯರು ಬಿಳಿ ಉಡುವುದನ್ನು ಪೇಟೆಯಲ್ಲಿ ನೋಡಿದ್ದಳು. ತಮ್ಮವರಲ್ಲಿ ಆ ರೂಢಿ ಇರಲಿಲ್ಲ. ಆದರೆ ೧೯೫೬ರಲ್ಲಿ ಹನುಮಪ್ಪನೂ ಅವನ ಗೆಳೆಯ ಗೋವಿಂದಪ್ಪನೂ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದಿದ್ದರು. ಹೊಸ ಧರ್ಮದಲ್ಲಿ ಹೀಗಿರಬೇಕು ಎಂದುಕೊಂಡು ಮರುದಿನವೇ ಉಟ್ಟಳು.

ನಲ್ಲಿಯ ಹತ್ತಿರ ಅವಳನ್ನು ಕಂಡ ಗೋವಿಂದಪ್ಪನ ಸೈಕಲ್ಲು ಗಟಾರದ ಅಂಚಿಗೆ ಹೋಗಿ ನಿಂತಿತು. ಅವನ ಕಿವಿಗಳು ಕೆಂಪಾಗಿದ್ದವು. ಹೇಳಿದ್ದು ಕೇಳಿದೆನೆಂದು ಸಂತೋಷವಾಗಿರಬೇಕು ಎಂದುಕೊಂಡು ಉಡಚವ್ವ ಕೊಡ ಎತ್ತಿಕೊಂಡಳು.

ರವಿವಾರ ಅವನು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದುಕೊಂಡು ಬಂದ.

"ಹಂಗಾರ ಬುದ್ಧ ಪೂರ್ಣಿಮಾ ದಿನಾನ ಇಟ್ಕೊಳ್ಳೂಣೇನ್ರಿ?" ಗೆಳೆಯನ ಹೆಂಡತಿ, ಅತ್ತಿಗೆ ಸಮಾನ ಎಂದು ಇಷ್ಟು ದಿನ ಕರೆದಂತೆ ಈ ಸಲ ವೈನಿ ಅನ್ನಲಿಲ್ಲ.

"ಏನ ಇಟ್ಕೊಳ್ಳೂದ್ರಿ ಮಾಸ್ತರ್ರ?"

"ಲಗ್ನ."

"ಯಾರ್ದು?"

ಗೋವಿಂದಪ್ಪ ಅವಳ ಸೀರೆ ನೋಡಿದ, ಮುಖ ನೋಡಿದ. "ನಮ್ಮ ಬೌದ್ಧ ಲಗ್ನದಾಗ ಮದಿಮಗಳು ಬಿಳಿ ಸೀರಿ ಉಡ್ತಾಳ್ರಿ. ನೀವು ಉಟ್ರಿ. ನಾನು ಒಪ್ಪಿದ್ರಿ ಅಂದಕೊಂಡೆ."

"ನಾ ಎಲ್ಲಿ ಅಂಥಾ ಲಗ್ನ ನೋಡೇನ್ರಿ? ನನ್ನ ಲಗ್ನ ದೀಕ್ಷಾಕ್ಕಿಂತ ಮೊದಲ ಆತು, ಹಸರ ಸೀರ್ಯಾಗ. ಇದನ್ನ ಗಂಡ ಸತ್ತಾಕಿ ಸೀರಿ ಅಂತ ಉಟ್ಟೇನಿ."

ಅವನ ಮುಖ ಇಳಿದುಹೋಯಿತು. "ತಪ್ಪಾತ್ರಿ. ಬಾಯಿ ಬಿಟ್ಟು ಕೇಳಬೇಕಿತ್ತು."

"ಸಾಲ್ಯಾಗ ಓಣಿಗೆಲ್ಲಾ ಕೇಳೂಹಂಗ ಒದರ್ತೀರಿ. ಇಲ್ಲಿ ದನಿ ಬರಲಿಲ್ಲೇನ್ರಿ?"

ಅವಳಿಗೆ ಸಿಟ್ಟಾಗಲಿ ನಾಚಿಕೆಯಾಗಲಿ ಆಗಲಿಲ್ಲ. ಕೇಳಬೇಕಾದ್ದೊಂದು ಮಾತ್ರ ಇತ್ತು. "ಅವರು ಮತ್ತ ಹುಟ್ಟಿ ಈ ಮನಿಗೇ ಬರ್ತಾರಂತ ಅತ್ತಿ ಅಂತಾರ. ನಾ ಬಾಗಲಾ ಕಾಯಬೇಕಂತ. ಖರೇ ಏನ್ರಿ?"

"ಇಲ್ರಿ. ಜೀವ ಗಂಟು ಕಟ್ಕೊಂಡು ಇನ್ನೊಂದು ಮನಿ ಹುಡುಕ್ಕೊಂತ ಹೋಗೂದಿಲ್ಲ ಅಂತಾನ ಬುದ್ಧ. ಮಾಡಿದ್ದು ಉಳೀತೈತಿ. ಹನುಮಪ್ಪ ಅಕ್ಷರಾ ಕಲಿಸಿದ ಹುಡುಗ್ರು ಓದಾಕತ್ತಾರ, ಅದು ಉಳದೈತಿ. ಅವ ಬರೂದಿಲ್ಲ."

"ಮತ್ತ ನಿರ್ವಾಣ ಅಂದ್ರ?"

"ನನಗ ತಿಳಿದಷ್ಟು, ಹಿಡಕೊಂಡದ್ದನ್ನ ಬಿಡೂದ್ರಿ."

"ಹಂಗಾರ ನೀವ್ಯಾಕ ನನ್ನ ಹಿಡಕೊಳ್ಳಾಕ ಬಂದೀರಿ?"

ಗೋವಿಂದಪ್ಪ ತಡವರಿಸಿದ. "ನಾ ಭಿಕ್ಕು ಅಲ್ರಿ. ಮಾಸ್ತರ."

ಒಳಗೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಮುದಕವ್ವ ಮೊರ ಹಿಡಿದುಕೊಂಡೇ ಹೊರಗೆ ಬಂದಳು. "ಎಲ್ಲಾ ಕೇಳೇನಿ. ಲಗ್ನಾ ಮಾಡ್ಕೋರಿ, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಹನುಮ ನಿಮ್ಮ ಮಗನಾಗಿ ಹುಟ್ಟಿ ಬರ್ತಾನಂತ ಒಂದು ಮಾತು ಹೇಳು, ಮಾಸ್ತರಾ. ಇಲ್ಲಾಂದ್ರ ಈಕಿ ನನ್ನ ಹೊಸ್ತಲಾ ದಾಟೂದಿಲ್ಲ."

ಹೂಂ ಅಂದರೆ ಮುಗಿಯುತ್ತಿತ್ತು. ಉಡಚವ್ವ ಅವನ ಬಾಯಿಯನ್ನೇ ನೋಡಿದಳು. ಅವನು ಹೂಂ ಅಂದರೆ ಹುಟ್ಟುವ ಕೂಸಿನ ಮುಖದಲ್ಲಿ ಜೀವಮಾನವಿಡೀ ಸತ್ತವನನ್ನು ಹುಡುಕಬೇಕು.

"ಹನುಮಪ್ಪ ನನ್ನ ಗೆಣ್ಯಾ, ಯವ್ವಾ," ಎಂದ ಗೋವಿಂದಪ್ಪ. "ಅವನ ಹೆಸರಿಲೆ ಸುಳ್ಳ ಹೇಳಲಾರೆ. ನೀ ಬ್ಯಾಡಂದ್ರ ನಾ ಹೊಕ್ಕೇನಿ." ಎದ್ದು ಚಪ್ಪಲಿ ಮೆಟ್ಟಿದ.

"ನಿಂದರ್ರಿ," ಎಂದಳು ಉಡಚವ್ವ. ಅತ್ತೆಯ ಕಡೆ ತಿರುಗಿದಳು. "ಅತ್ತಿ, ಅವರು ಬರೂದಿಲ್ಲ."

ಈ ಮಾತನ್ನು ಅವಳು ಯಾವತ್ತೂ ಬಾಯಲ್ಲಿ ಆಡಿರಲಿಲ್ಲ. ಆಡಿದ ಮೇಲೆ ಮುಂಗೈ ಮೇಲೆ ಏನೋ ಬೆಚ್ಚಗೆ ಬಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಗೋಡೆಗೊರಗಿ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಮುದಕವ್ವ ಮೊರ ಕೆಳಗಿಟ್ಟು ಸೊಸೆಯ ಪಕ್ಕ ಕೂತಳು.

"ಅವ ಬರೂದಿಲ್ಲ, ನೀನೂ ಹೊಕ್ಕೀದಿ," ಎಂದಳು ಮುದುಕಿ. "ನನಗ್ಯಾರದಾರ?"

"ನಿಮ್ಮನ್ನ ಬಿಟ್ಟು ಯಾರು ಹೊಕ್ಕಾರ್ರಿ? ಮಾಸ್ತರ್ರ ಮನ್ಯಾಗ ಎರಡು ಖೋಲಿ ಅದಾವ. ಬಿಸಲ ಬರೂ ಖೋಲಿ ನಿಮಗ."

ಗೋವಿಂದಪ್ಪ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತಿದ್ದ. "ಬಿಸಲ ಬರೂ ಖೋಲಿ ಐತಂತ ನಿಮಗ ಹ್ಯಾಂಗ ಗೊತ್ರಿ?"

"ಸಂತಿಗೆ ಹೋಗೂ ದಾರ್ಯಾಗ ಐತಲ್ರಿ." ಉಡಚವ್ವ ಅಳುತ್ತಲೇ ಅವನತ್ತ ಮುಖ ಎತ್ತಿದಳು. "ನಾ ಏನೂ ನೋಡೂದಿಲ್ಲ ಅಂದಕೊಂಡಿದ್ದೆ. ನೋಡೇನಿ."