ಉದಗೀರಿಗೆ ಪುಸ್ತಕ ಬರುವ ತನಕ

"ಹೇಳಬ್ಯಾಡ ಉಮಾ! ಒಂದಕ್ಷರ ಹೇಳಿದಿ ಅಂದ್ರ ನಿನ್ನ ಸಂಗಟ ಮಾತು ಬಂದ್!"

ಉದಗೀರಿನ ತನ್ನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಗುರುಶಾಂತ ನಗುತ್ತಿದ್ದ. ಇತ್ತ ಉಮರ್ಗಾದಲ್ಲಿ, ತಾನು ಕೆಲಸ ಮಾಡುವ ಚಷ್ಮಾ ಅಂಗಡಿಯ ಹಿಂಬಾಗಿಲಲ್ಲಿ ಉಮಾಶ್ರೀ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ.

"ಗುರು, ಕೇಳಿಲ್ಲಿ. ಒಂದ್ ಕೆಟ್ಟ ಸುದ್ದಿ ಅದ..."

"ಅಯ್ಯಯ್ಯೋ, ಹೇಳೇಬಿಟ್ಟಿ! ಅಂದ್ರ ಕಾಳಿಂದಿಗಿ ಏನೋ ಆಗ್ಯಾದ. ಇವತ್ತ ಗುರುವಾರ ಅಂತ ಗೊತ್ತದ ನಂಗ. ಆಯ್ತವಾರ ತನಕ ಬಾಯಿಗಿ ಬೀಗ ಹಾಕ್ಕೊ, ರಾಣಿ."

ಫೋನು ಕಟ್ಟಾಯಿತು.

ಕಾಳಿಂದಿ ಅವರ ನೆಂಟಳೂ ಅಲ್ಲ, ನೆರೆಯವಳೂ ಅಲ್ಲ. 'ಕಾಳಿಂದಿ ಬುರುಜ' ಎಂಬ ಮರಾಠಿ ಕಾಮಿಕ್ಸ್‌ನ ನಾಯಕಿ. ಕೋಟೆ ಕಾಯುವವಳು, ಕುದುರೆ ಏರಿದರೆ ಯಾರ ಮಾತನ್ನೂ ಕೇಳದವಳು, ಎದುರುಗುಡ್ಡದ ಮೇಲೆ ದೀಪ ಹಚ್ಚುವ ಭೈರೂಗೆ ಮನಸ್ಸು ಕೊಟ್ಟವಳು. ಅವಳನ್ನು ಬರೆಯುತ್ತಿದ್ದ ಹಿರಿಯರು ಕಥೆಯನ್ನು ನಡುನೀರಿನಲ್ಲಿ ಬಿಟ್ಟು ತೀರಿಕೊಂಡರು. ಈಗ ಅವರ ಶಿಷ್ಯನೊಬ್ಬ ತಿಂಗಳಿಗೊಂದು ಪುಸ್ತಕದಂತೆ ಮುಂದುವರಿಸುತ್ತಿದ್ದಾನೆ.

ಪ್ರಕಾಶಕನಿಗೆ ಕಾಗದದ ಮೇಲೇ ಹಠ, ಮೊಬೈಲಿಗೆ ಬಿಡುವುದಿಲ್ಲ. ಸೊಲ್ಲಾಪುರದ ಬಸ್ಸಿನಲ್ಲಿ ಗುರುವಾರ ಉಮರ್ಗಾಕ್ಕೆ ಬಂದ ಪುಸ್ತಕ ಉದಗೀರು ಸೇರುವಾಗ ಭಾನುವಾರವಾಗುತ್ತದೆ. ಹಾಗಾಗಿ 'ಬುರುಜ್ ಕಟ್ಟಾ' ಎಂಬ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಒಂದು ಕಾಯಿದೆ ಇತ್ತು: ಉದಗೀರಿನವರು ಓದುವ ತನಕ ಯಾರೂ ಕಥೆ ಬಿಚ್ಚಬಾರದು. ಆ ಕಾಯಿದೆ ಮಾಡಿಸಿದವನೇ ಗುರುಶಾಂತ. ಗುರುವಾರದಿಂದ ಭಾನುವಾರದ ತನಕ ಅವನು ಯಾರ ಮೆಸೇಜನ್ನೂ ತೆರೆಯುತ್ತಿರಲಿಲ್ಲ, ಉಮಾಶ್ರೀಯದನ್ನಂತೂ ಮುಟ್ಟುತ್ತಲೇ ಇರಲಿಲ್ಲ.

ಅವರ ಪರಿಚಯವಾದದ್ದೇ ಜಗಳದಿಂದ. ಭೈರೂ ಹೇಡಿ ಎಂದು ಅವಳು ಗುಂಪಿನಲ್ಲಿ ಬರೆದಿದ್ದಳು. ಹೇಡಿಯಲ್ಲ, ನಾಚಿಕೆಯವನು ಎಂದು ಅವನು ಸಂಜೆಯವರೆಗೆ ವಾದಿಸಿದ್ದ. ಆಮೇಲೆ ನಿಲಂಗಾದಲ್ಲಿ, ಗುಂಪಿನ ಹಿರಿಯರಾದ ಉಮಾಕಾಂತ ಸರ್ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದಾಗ ಎದುರಾಬದುರು ಕೂತು ಮತ್ತೆ ಅದೇ ಜಗಳ. ವಾದಕ್ಕೆ ಇಳಿದರೆ ಅವನು ಎದುರಿನವರ ಕಣ್ಣು ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಅವಳು ಸೆರಗು ಸರಿಮಾಡಿಕೊಂಡಳು, ನೀರು ಕುಡಿದಳು, ಕಿಟಕಿಯ ಕಡೆ ತಿರುಗಿದಳು. ಮತ್ತೆ ಇತ್ತ ತಿರುಗಿದಾಗ ಆ ಕಣ್ಣು ಅಲ್ಲೇ ಇತ್ತು. ವಾದ ಗೆದ್ದದ್ದು ಉಮಾಶ್ರೀ. ಮನಸ್ಸು ಸೋತದ್ದೂ ಅವಳೇ.

"ಭೈರೂ ಒಮ್ಮಿ ಬಾಯಿ ಬಿಟ್ಟ ಹೇಳಿದ್ರ ಕಾಳಿಂದಿ ಏನಂತಾಳ?" ಎಂದು ಅವನು ಕೇಳುತ್ತಿದ್ದ.

"ಮೊದಲ ಹೇಳ್ಲಿ, ಆಮ್ಯಾಲ ನೋಡ್ಮು," ಎನ್ನುತ್ತಿದ್ದಳು ಇವಳು.

ಪ್ರೀತಿಯ ಮಾತು ಅದರಾಚೆ ಒಂದು ಹೆಜ್ಜೆಯೂ ಹೋಗಿರಲಿಲ್ಲ. ಹೋಗಲಿ, ಅವಸರವೇನು ಎಂದು ಇಬ್ಬರೂ ಸುಮ್ಮನಿದ್ದರು.

ಆ ಗುರುವಾರ ಅವಳು ಪುಸ್ತಕ ಕೊಂಡೇ ಇರಲಿಲ್ಲ. ಕೆಟ್ಟ ಸುದ್ದಿ ಅವಳ ಮನೆಯದು. ಅಣ್ಣ ಸಿದ್ದರಾಮನಿಗೆ ವಯಸ್ಸು ಮೀರುತ್ತಿತ್ತು. ಹೊಲ ಮಾಡುವ ಹುಡುಗನೆಂದರೆ ಈಗ ಹೆಣ್ಣಿನವರು ಹೊಸ್ತಿಲೂ ತುಳಿಯುವುದಿಲ್ಲ. ಕಡೆಗೆ ದೇವಣಿಯಿಂದ ಒಂದು ಸಂಬಂಧ ಬಂತು, ಸಾಟಾಲೋಟಾ. ನಮ್ಮ ಮಗಳನ್ನು ನಿಮ್ಮ ಸಿದ್ದರಾಮನಿಗೆ ಕೊಡುತ್ತೇವೆ, ನಿಮ್ಮ ಮಗಳನ್ನು ನಮ್ಮ ವೈಜನಾಥನಿಗೆ ಕೊಡಿ. ಒಂದೇ ಹಂದರ, ಎರಡು ಮದುವೆ. ಒಂದು ಮುರಿದರೆ ಇನ್ನೊಂದೂ ಮುರಿಯಿತು. ನಿಶ್ಚಯದ ಸಕ್ಕರೆ ಪುಡಾ ಶನಿವಾರವೇ.

ತಾಯಿ ಮುಕ್ತಾಬಾಯಿ ಮಗಳ ಮುಖ ನೋಡಿಯೇ ಕೇಳಿದ್ದಳು. "ಮನಸಿನಾಗ ಯಾರಾರ ಇದ್ರ ಈಗೇ ಹೇಳವ್ವ. ಅಂವಗ ಶನಿವಾರದೊಳಗ ಬಂದು ಮಾತಾಡಂತ ಹೇಳು, ನಿಮ್ಮಪ್ಪನ್ನ ನಾ ಒಪ್ಪಸ್ತೀನಿ. ಸಕ್ರಿ ಪುಡಾ ಕೈಗಿ ಬಿತ್ತಂದ್ರ ನಿಮ್ಮಪ್ಪ ಮಾತು ತಿರುಗ್ಸಂಗಿಲ್ಲ."

ಇದ್ದಾನೆ ಎಂದು ಹೇಗೆ ಹೇಳುವುದು? ಅವನು ಇನ್ನೂ ಹೇಳಿಯೇ ಇರಲಿಲ್ಲ. ಅವನನ್ನು ಕೇಳದೆ ಅವನ ಹೆಸರು ಎತ್ತುವುದು ಅವಳಿಂದಾಗಲಿಲ್ಲ. ಅದಕ್ಕೇ ಫೋನು. ಮತ್ತೆ ಮಾಡಿದಳು, ಅವನು ಕಟ್ ಮಾಡಿದ. ಶುಕ್ರವಾರ ಮಾಡಿದರೆ ಫೋನೇ ಬಂದ್.

ಬಸ್ಸು ಹತ್ತಿ ಉದಗೀರಿಗೇ ಹೋಗಬಹುದಿತ್ತು. ಕಾಳಿಂದಿಯಾಗಿದ್ದರೆ ಹೋಗುತ್ತಿದ್ದಳು. ಹೋಗಿ ನಿಂತಾಗ ಅವನು "ಹೌದಾ? ಛಲೋ ಆಯ್ತಲ್ಲ" ಎಂದುಬಿಟ್ಟರೆ ಎಂಬ ಭಯ ಉಮಾಶ್ರೀಯ ಕಾಲು ಕಟ್ಟಿಹಾಕಿತು. ಅವನು ಫೋನು ಎತ್ತದಿದ್ದದ್ದು ಮನಸ್ಸಿನ ಒಂದು ಮೂಲೆಗೆ ಹಿತವೂ ಆಯಿತು. ಆ ಹಿತವನ್ನು ಅವಳು ಆಮೇಲೆ ಎಂದೂ ಕ್ಷಮಿಸಲಿಲ್ಲ.

ಶನಿವಾರ ಸಕ್ಕರೆ ಪುಡಾ ಕೈಗೆ ಬಿತ್ತು. ಬಳೆಗಾರ್ತಿ ಎರಡೂ ಕೈಗೆ ಹಸಿರು ಬಳೆ ತೊಡಿಸಿದಳು. ಸಿದ್ದರಾಮ ಹೊಸ ಅಂಗಿ ಹಾಕಿಕೊಂಡು, ದನದ ಕೊಟ್ಟಿಗೆಯ ಹಿಂದೆ ಹೋಗಿ ಯಾರಿಗೂ ಕಾಣದಂತೆ ಸಂತೋಷಕ್ಕೆ ಅತ್ತ. ಅದನ್ನು ಕಂಡವಳು ಉಮಾಶ್ರೀ ಒಬ್ಬಳೇ.

ಭಾನುವಾರ ಮಧ್ಯಾಹ್ನ ಅವನ ಮೆಸೇಜು ಬಂತು. "ಓದ್ದೆ! ನಿಲಂಗಾಕ್ಕ ಬಾ. ದೊಡ್ಡ ಜಗಳ ಅದ."

ಹೋಗುವ ದಾರಿಯಲ್ಲಿ ಪುಸ್ತಕ ಕೊಂಡು ಬಸ್ಸಿನಲ್ಲೇ ಓದಿದಳು. ಅಣ್ಣನನ್ನು ಸೆರೆಯಿಂದ ಬಿಡಿಸಲು ಕಾಳಿಂದಿ ಕೋಟೆಯ ಕೀಲಿಕೈ ಕೊಟ್ಟು, ವೈರಿ ಸರದಾರನ ಪಾಲಕಿ ಹತ್ತುತ್ತಾಳೆ. ಶಿಷ್ಯ ಇವಳ ಮನೆಯ ಗೋಡೆಗೆ ಕಿವಿಗೊಟ್ಟು ಬರೆದನೇನೋ ಎನ್ನಿಸಿ ಅವಳಿಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು.

ಉಮಾಕಾಂತ ಸರ್ ಚಹಾ ಮಾಡಿಸಲು ಒಳಗೆ ಹೋದದ್ದೇ ತಡ, ಗುರುಶಾಂತ ಶುರು ಮಾಡಿದ.

"ಇದು ನಮ್ಮ ಕಾಳಿಂದಿ ಅಲ್ಲೇ ಅಲ್ಲ! ಪಾಲಕಿ ಒಳಗ ತಲಿ ಬಗ್ಗಸ್ಕೊಂಡು ಕೂಡಾಕಿ ಏನು ಆಕಿ? ಹಿರ್ಯಾರು ಇದ್ದಿದ್ರ ಹಿಂಗ ಬರೀತಿದ್ದಿಲ್ಲ. ಈ ಶಿಷ್ಯಗ ಕ್ಯಾರೆಕ್ಟರೇ ತಿಳಿದಿಲ್ಲ."

"ಆಕಿ ಅಣ್ಣ ಸೆರಿಯಾಗ ಇದ್ದ."

"ಇದ್ರ ಏನಾಯ್ತು? ಭೈರೂಗ ಒಂದ್ ಮಾತು ಹೇಳಬಾರದಿತ್ತ? ಎದುರಿನ ಗುಡ್ಡದ ಮ್ಯಾಲೇ ಇದ್ದ. ಕರದಿದ್ರ ಓಡಿ ಬರ್ತಿದ್ದ."

"ಕರದ್ಲು. ಅಂವಾ ಕೇಳಿಲ್ಲ."

"ಎಲ್ಲಿ ಕರದ್ಲು? ಯಾವ ಪುಟದಾಗ ಅದ? ತೋರ್ಸು!" ಎಂದು ಅವನು ಪುಸ್ತಕ ತೆರೆದು ಅವಳ ಮುಂದೆ ಹಿಡಿದ. ಅವನ ಕಣ್ಣು ಎಂದಿನಂತೆ ಅವಳ ಕಣ್ಣಿನಲ್ಲೇ ಇತ್ತು.

ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ಪುಟದ ಮೇಲಿಟ್ಟಳು. ಬಳೆಗಳು ಸದ್ದು ಮಾಡಿದವು. ಗುರುಶಾಂತ ಮೊದಲ ಸಲ ಕೆಳಗೆ ನೋಡಿದ. ನೋಡಿ, ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಿನ್ನೆ ಸಕ್ರಿ ಪುಡಾ ಆಯ್ತು, ಗುರು. ದೇವಣಿಗಿ ಕೊಟ್ಟಾರ. ಸಾಟಾಲೋಟಾ."

"ಗುರುವಾರ ಫೋನ್ ಮಾಡಿದ್ದಿ..."

"ಹೂಂ."

"ನಾ ನಗ್ಲತ್ತಿದ್ದೆ," ಎಂದ ಅವನು. "ಉಮಾ, ನಾ ನಗ್ಲತ್ತಿದ್ದೆ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಅವನು ಈಗ ಬಾಯಿ ಬಿಟ್ಟ.

"ನೀ ನಂಗ ಬೇಕಿದ್ದಿ. ಭೈರೂನ ಹೆಸರು ಹೇಳಿ ಇಷ್ಟು ದಿನ ನಾ ನಂದೇ ಹೇಳ್ತಿದ್ದೆ."

"ಗೊತ್ತಿತ್ತು. ಕಾಳಿಂದಿ ಹೆಸರ್ಲೆ ನಾನೂ ಹೂಂ ಅಂತಿದ್ದೆ."

"ನಮ್ಮನಿಯಾಗ ವಿಜಯಶ್ರೀ ಇದ್ದಾಳಲ್ಲ, ನನ್ನ ತಂಗಿ! ಸಾಟಾಲೋಟಾನೇ ಆಗ್ಬೇಕಂದ್ರ ಆಕಿನ್ನ ನಿಮ್ಮಣ್ಣಗ ಕೊಟ್ಟು..."

"ಆಕಿನ್ನ ಕೇಳಿಯೇನು?"

ಈಗಷ್ಟೇ ಪಾಲಕಿಗೆ ಬೈದವನು ತಂಗಿಯನ್ನೂ ಪಾಲಕಿ ಹತ್ತಿಸಲು ಹೊರಟಿದ್ದ.

"ಹಂಗಾರ ಮುರಿ," ಎಂದ ಕಡೆಗೆ. "ಇನ್ನೂ ಲಗ್ನ ಆಗಿಲ್ಲ."

"ನಮ್ಮಣ್ಣ ಕೊಟ್ಟಿಗಿ ಹಿಂದ ನಿಂತು ಅತ್ತಾನ, ಗುರು, ಖುಷಿಗಿ. ಅದನ್ನ ನೋಡಿದ್ರ ನೀನೂ ಮುರಿ ಅಂತಿದ್ದಿಲ್ಲ."

ಉಮಾಕಾಂತ ಸರ್ ಚಹಾ ಹಿಡಿದು ಬಂದರು. "ಏನ್ರಪಾ, ಇವತ್ತ ಯಾರು ಗೆದ್ದ್ರಿ?" ಎಂದು ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ಅವನು ಒಂದೇ ಒಂದು ಮಾತು ಕೇಳಿದ. "ಮುಂದಿಂದೇ ಕಡೀ ಪುಸ್ತಕ ಅಂತ. ನಿನಗ ಮೊದಲ ಬರ್ತದ. ಈ ಸಲ ನಂಗ ಹೇಳ್ತಿ?"

"ಕಾಯಿದಾ?"

"ಸುಡಲಿ ಕಾಯಿದಾ."

ತಿಂಗಳು ಕಳೆದು ಕೊನೆಯ ಪುಸ್ತಕ ಬಂದಾಗ ಉಮಾಶ್ರೀಯ ಮನೆಯ ಮುಂದೆ ಹಂದರ ಏಳುತ್ತಿತ್ತು. ಮದುವೆ ಸೋಮವಾರ. ಮಾಳಿಗೆಯ ಮೇಲೆ ಕೂತು ಅವಳು ಓದಿದಳು. ಶಿಷ್ಯನಿಗೆ ಕರುಣೆ ಇರಲಿಲ್ಲ. ಭೈರೂ ದೀಪ ಆರಿಸಿ ಗುಡ್ಡ ಇಳಿದು ಹೋಗುತ್ತಾನೆ. ಕಾಳಿಂದಿ ಸರದಾರನ ಮನೆಯಲ್ಲಿ ಮುದುಕಿಯಾಗುತ್ತಾಳೆ. ಕೊನೆಯ ಪುಟದಲ್ಲಿ ಕಿಟಕಿಯಾಚೆ ಕತ್ತಲ ಗುಡ್ಡ, ಅಷ್ಟೇ.

ಫೋನು ಮಾಡಿದಳು. ಅವನು ಕೂಡಲೇ ಎತ್ತಿದ.

"ಹೇಳು. ಎಲ್ಲಾ ಹೇಳು."

ಅವಳು ಪುಸ್ತಕ ಮುಚ್ಚಿ ಮಗ್ಗುಲಿಗಿಟ್ಟಳು. "ಪಾಲಕಿ ಹೊಳಿ ದಾಟೂ ಮುಂದ ಕಾಳಿಂದಿ ಇಳೀತಾಳ," ಎಂದಳು. "ನನ್ನ ಮನಸ್ಸು ಗುಡ್ಡದ ಮ್ಯಾಲಿನವಗ ಕೊಟ್ಟಾಗ್ಯಾದ ಅಂತ ಸರದಾರಗ ಬಾಯಿ ಬಿಟ್ಟ ಹೇಳ್ತಾಳ."

"ಸರದಾರ?"

"ಛಲೋ ಮನಶ್ಯಾ. ಬಿಟ್ಟುಕೊಡ್ತಾನ."

"ಅಣ್ಣ? ಅಂವಗ ಏನಾರ ಆಗ್ತದ?"

"ಅಣ್ಣನೂ ಸುಖಾಗಿ ಇರ್ತಾನ. ಕಾಳಿಂದಿ ಕುದುರಿ ಹತ್ತಿ ಗುಡ್ಡಕ್ಕ ಹೋಗ್ತಾಳ. ದೀಪ ಹತ್ತೇ ಇರ್ತದ."

ಆ ತುದಿಯಲ್ಲಿ ಉಸಿರು ಎಳೆದುಕೊಳ್ಳುವ ಸದ್ದು ಕೇಳಿಸಿತು. "ಇದು ನೋಡು ನಮ್ಮ ಕಾಳಿಂದಿ," ಎಂದ ಅವನು. "ಕ್ಯಾರೆಕ್ಟರಿಗಿ ಬರೋಬ್ಬರಿ ಹೊಂದ್ತದ."

ಅವಳು ಫೋನು ಕೆಳಗಿಟ್ಟಳು.

ಅವಳ ಸುಳ್ಳಿಗೆ ಭಾನುವಾರದವರೆಗೆ ಮಾತ್ರ ಆಯುಷ್ಯ. ಅಷ್ಟಾದರೂ ಇರಲಿ ಎಂದುಕೊಂಡಿದ್ದಳು. ಭಾನುವಾರ ಗುಂಪಿನಲ್ಲಿ ಬೆಂಕಿ ಬಿತ್ತು. ಒಬ್ಬರು ಶಿಷ್ಯನಿಗೆ ಶಾಪ ಹಾಕಿದರು, ಇನ್ನೊಬ್ಬರು ಇದೇ ಖರೇ ಅಂತ್ಯ ಎಂದು ಹಠ ಹಿಡಿದರು. ಗುರುಶಾಂತನ ಒಂದಕ್ಷರವೂ ಇಲ್ಲ. ಅರಿಶಿನ ಮೆತ್ತಿದ ಬೆರಳಿನಲ್ಲಿ ಅವಳು ಮತ್ತೆ ಮತ್ತೆ ಫೋನು ನೋಡಿದಳು.

ಸಂಜೆಗೆ ಮೆಸೇಜು ಬಂತು. "ಸ್ಟಾಲಿಗಿ ಪುಸ್ತಕ ಬಂದದ. ನಾ ತಗೊಂಡಿಲ್ಲ, ತಗೊಳ್ಳಂಗೂ ಇಲ್ಲ. ನೀ ಹೇಳಿದ್ದೇ ಕಥಿ."

ಅದರ ಹಿಂದೆಯೇ ಅವನು ಗುಂಪಿನಿಂದ ಹೊರಗೆ ಹೋದ.

"ಉಮಾ, ನೀರು ಕಾದಾವ. ಬಾರವ್ವ," ಎಂದು ಮುಕ್ತಾಬಾಯಿ ಬಚ್ಚಲಿನಿಂದ ಕೂಗಿದಳು. ಉಮಾಶ್ರೀ ತನ್ನ ಪ್ರತಿಯನ್ನು ನೀರೊಲೆಗೆ ಇಟ್ಟಳು. ಬಳೆ ಒಡೆಯದಂತೆ ಕೈ ಹಿಂದಕ್ಕೆ ತೆಗೆದುಕೊಂಡು, ಅದು ಪೂರ್ತಿ ಉರಿಯುವ ತನಕ ನಿಂತಿದ್ದು, ಅರಿಶಿನದ ನೀರಿಗೆ ಹೋಗಿ ಕೂತಳು.