ಮೂರು ಚಕ್ರ, ಒಂದು ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಮಂಗಳವಾರ ಅಂಗಡಿಯ ಬಾಗಿಲು ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ, ಆಗಲೇ ಒಬ್ಬ ಮನುಷ್ಯ ಎಡಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ನನ್ನಿಂದ ನಾಲ್ಕು ಗಾಡಿ ಬಿಚ್ಚಿಸಿದ್ದ, ನಾಲ್ಕನ್ನೂ ಮಡಚಿಸಿದ್ದ.

ನಮ್ಮದು ಮಕ್ಕಳ ಸಾಮಾನಿನ ಅಂಗಡಿ. ತೊಟ್ಟಿಲು, ಹಾಲಿನ ಬಾಟಲಿ, ಗಿಲಕಿ ಎಲ್ಲ ಮುಂದೆ. ಹಿಂದಿನ ಕೋಣೆಯಲ್ಲಿ ಸ್ಟ್ರೋಲರ್‌ಗಳು, ಮಗುವನ್ನು ಕೂರಿಸಿ ತಳ್ಳಿಕೊಂಡು ಹೋಗುವ ಗಾಡಿಗಳು. ಒಂಬತ್ತು ವರ್ಷದಿಂದ ಆ ಕೋಣೆ ನನ್ನ ಸುಪರ್ದಿಯಲ್ಲಿದೆ. ಯಾವ ಗಾಡಿ ತೋರಿಸಿದರೂ ಮೊದಲು ಬ್ರೇಕ್ ತೋರಿಸುತ್ತೇನೆ, ಬಣ್ಣ ಆಮೇಲೆ. ಅದಕ್ಕೇ ನಮ್ಮ ಯಜಮಾನರು ನನಗೆ ಬ್ರೇಕ್ ಮೇಡಂ ಎಂದು ಹೆಸರಿಟ್ಟಿದ್ದಾರೆ.

"ಇನ್ನೊಂದ್ಸಲ ಮಡಚಿ ತೋರಿಸ್ತೀರಾ?" ಎಂದ ಆ ಮನುಷ್ಯ.

"ನೀವೂ ಸ್ವಲ್ಪ ಕೈ ಹಾಕಿ ಸರ್. ಎಲ್ಲಾ ನಾನೇ ಮಾಡಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವರು ಬಲಗೈಯಿಂದ ತಮ್ಮ ಎಡಗೈಯ ಮಣಿಕಟ್ಟನ್ನು ಹಿಡಿದರು. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆಯುವ ಹಾಗೆ ಆ ಕೈಯನ್ನು ಹೊರಗೆ ತೆಗೆದು ಗಾಡಿಯ ಹಿಡಿಯ ಮೇಲಿಟ್ಟರು. ಬೆರಳುಗಳು ಹಿಡಿಯಲಿಲ್ಲ. ಕೈ ನಿಧಾನವಾಗಿ ಜಾರಿ ಪಕ್ಕಕ್ಕೆ ಇಳಿಬಿದ್ದಿತು.

"ಇದು ಸುಮ್ನೆ ನನ್ನ ಜೊತೆಗಿರುತ್ತೆ ಮೇಡಂ. ಕೆಲಸಕ್ಕೆ ಬರಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕುರ್ಚಿ ಎಳೆದು ಕೂರಿಸಿ, ಕ್ಷಮೆ ಕೇಳಿ, ನೀರು ತಂದುಕೊಟ್ಟೆ.

ಅವರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಗಾಡಿ ಬೇಕಾಗಿದ್ದದ್ದು ತಂಗಿಯ ಮಗಳಿಗೆ, ಹನ್ನೊಂದು ತಿಂಗಳ ಕೂಸಿಗೆ. ತಂಗಿಯೂ ಭಾವನೂ ಐದು ತಿಂಗಳ ಹಿಂದೆ ಬಸ್ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಮಗು ಈಗ ಅದರ ಸೋದರತ್ತೆಯ ಮನೆಯಲ್ಲಿತ್ತು. ಆ ಅತ್ತೆ ತಿಂಗಳ ಕೊನೆಗೆ ಬೇರೆ ಊರಿಗೆ ಹೋಗುವವರು, ಮಗುವನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು.

"ಒಂದು ಕೈಯಲ್ಲಿ ಹೇಗೆ ಸಾಕ್ತೀಯಾ ಅಂತ ಕೇಳ್ತಾರೆ. ಕೆಟ್ಟವರಲ್ಲ ಅವರು. ಕೇಳೋದು ತಪ್ಪೂ ಅಲ್ಲ," ಎಂದರು ಮೇಷ್ಟ್ರು. "ಊಟ, ಸ್ನಾನ, ಬಟ್ಟೆ ಎಲ್ಲಾ ಕಲ್ತಿದ್ದೀನಿ. ಸ್ಕೂಲ್ ಪಕ್ಕದಲ್ಲೇ ಶಿಶುವಿಹಾರ ಇದೆ. ಅಲ್ಲಿವರೆಗೆ ಇಪ್ಪತ್ತು ನಿಮಿಷ ನಡೀಬೇಕು, ಅದೊಂದೇ ಆಗ್ತಿಲ್ಲ. ಮುಂದಿನ ವಾರ ಶನಿವಾರ ಅವರು ಮಗೂನ ಕರ್ಕೊಂಡು ಬರ್ತಾರೆ. ಅವತ್ತು ತೋರಿಸಬೇಕು. ಇಲ್ಲ ಅಂದ್ರೆ ಬಿಟ್ಟುಕೊಡಬೇಕು."

ಆಮೇಲೆ ಎಲ್ಲ ಗಿರಾಕಿಗಳೂ ಕೇಳುವುದನ್ನು ಅವರೂ ಕೇಳಿದರು. "ನಿಮಗೆ ಮಕ್ಕಳಿದ್ದಾರಾ ಮೇಡಂ?"

"ಇಬ್ಬರು," ಎಂದೆ, ಕಣ್ಣು ಮಿಟುಕಿಸದೆ.

ನನಗೆ ಮಕ್ಕಳಿಲ್ಲ. ಮದುವೆಯೇ ಆಗಿಲ್ಲ. ಸೇರಿದ ವಾರದಲ್ಲೇ ಯಜಮಾನರು ಈ ಪಾಠ ಹೇಳಿಕೊಟ್ಟಿದ್ದರು: "ಮಕ್ಕಳಿಲ್ಲದವಳ ಮಾತು ನಂಬಿ ಮಗೂಗೆ ಗಾಡಿ ಯಾರಮ್ಮಾ ತಗೋತಾರೆ? ಇಬ್ಬರು ಅಂದ್ಬಿಡು." ಒಂಬತ್ತು ವರ್ಷದಲ್ಲಿ ಸಾವಿರ ಸಲ ಹೇಳಿರಬೇಕು. ಯಾವತ್ತೂ ನಾಚಿಕೆಯಾಗಿರಲಿಲ್ಲ, ಅವತ್ತೂ ಆಗಲಿಲ್ಲ.

"ಹಾಗಾದ್ರೆ ನೀವು ಹೇಳಿದ್ದೇ ತಗೋತೀನಿ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಅಷ್ಟು ನಂಬಿಕೆ ಇತ್ತು.

ಅಂದೇ ಮಧ್ಯಾಹ್ನ ನನ್ನ ಎಡಗೈಯನ್ನು ಸ್ಕಾರ್ಫಿನಿಂದ ಸೊಂಟಕ್ಕೆ ಕಟ್ಟಿಕೊಂಡೆ. ಗಾಡಿ ತೋರಿಸಲೆಂದು ನಮ್ಮಲ್ಲಿ ಒಂಬತ್ತು ಕೆಜಿಯ ಮರಳಿನ ಚೀಲ ಒಂದಿದೆ. ಅದರ ಹೆಸರು ಗುಂಡ. ಗುಂಡನನ್ನು ಬಲಗೈಯಲ್ಲಿ ಎತ್ತಿಕೊಂಡು ಒಂದೊಂದೇ ಗಾಡಿಯಲ್ಲಿ ಕೂರಿಸಿ ನೋಡಿದೆ.

"ಕೈಗೇನಾಯ್ತಮ್ಮಾ?" ಯಜಮಾನರು ಗಾಬರಿಯಾದರು.

"ಇದು ನನ್ನ ಕೈಯಲ್ಲ ಯಜಮಾನ್ರೇ, ಗಿರಾಕಿ ಕೈ."

ಎರಡು ಹಿಡಿಗಳಿರುವ ನಾಲ್ಕು ಚಕ್ರದ ಗಾಡಿಯನ್ನು ಒಂದು ಕೈಯಲ್ಲಿ ತಳ್ಳಿದರೆ ಅದು ಗೋಡೆಯ ಕಡೆಗೆ ತಿರುಗುತ್ತದೆ. ಮೂರು ಚಕ್ರದ್ದಕ್ಕೆ ಉದ್ದಕ್ಕೂ ಒಂದೇ ಹಿಡಿ. ಮುಂದಿನ ಒಂಟಿ ಚಕ್ರ ಕೈ ಹೇಳಿದ ಕಡೆ ಹೋಗುತ್ತದೆ. ಅಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆಯೇ ಇತ್ತು. ಗಿರಾಕಿಗಳೆಲ್ಲ ಕೇಳುವುದು ಮಡಚಲು ಸುಲಭವೇ ಎಂದು. ಇರುವ ಒಂದೇ ಕೈ ಗಾಡಿಯನ್ನು ಮಡಚುತ್ತಿದ್ದರೆ, ಮಗು ಎಲ್ಲಿರುತ್ತದೆ? ಮೊದಲ ದಿನ ಗುಂಡ ಮೂರು ಸಲ ನೆಲಕ್ಕೆ ಬಿದ್ದ. ಮೂರು ಸಲವೂ ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡೆ.

ಗುರುವಾರ ಐದು ಗಂಟೆಗೆ ಮೇಷ್ಟ್ರು ಬಂದಾಗ ನನ್ನ ಕೈ ಕಟ್ಟಿಕೊಂಡೇ ಇತ್ತು. ಅವರು ಬಾಗಿಲಲ್ಲೇ ನಿಂತರು. ಸ್ಕಾರ್ಫನ್ನು ನೋಡಿದರು, ಗುಂಡನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿದ್ದು ನೆನಪಿಲ್ಲ.

"ನನಗೋಸ್ಕರಾನಾ?"

"ಗುಂಡನಿಗೋಸ್ಕರ," ಎಂದೆ. ಮುಖ ಬಿಸಿಯಾಗಿತ್ತು. "ನಿಮ್ಮ ಮನೆಗೆ ಮೆಟ್ಟಿಲೆಷ್ಟು ಮೇಷ್ಟ್ರೇ?"

"ಮೂರು. ನಿಮ್ಮ ಅಂಗಡಿಗೆ ಎರಡು. ಅವತ್ತೇ ಎಣಿಸಿದ್ದೆ."

"ಬಾಗಿಲ ಒಳಗೆ ಗಾಡಿ ಬಿಚ್ಚೇ ಇಡೋಕೆ ಜಾಗ ಇದ್ಯಾ?"

"ಇದೆ."

"ಹಾಗಾದ್ರೆ ಮಡಚೋ ಮಾತೇ ಬೇಡ."

ಮೂಲೆಯಲ್ಲಿದ್ದ ಕಡುಹಸಿರು ಗಾಡಿಯನ್ನು ಎಳೆದು ತಂದೆ. ಭಾರ, ಹಿಂದೆ ಎರಡು ದೊಡ್ಡ ಚಕ್ರ, ಮಡಚಿದರೂ ಅರ್ಧ ಕೋಣೆ ತುಂಬುತ್ತದೆ ಎಂದು ಯಾರೂ ಒಯ್ದಿರಲಿಲ್ಲ. ಆದರೆ ಪಾದದಿಂದ ಒಮ್ಮೆ ಒತ್ತಿದರೆ ಹಿಂದಿನ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಬೆನ್ನು ಹಿಂದೆ ಮಾಡಿ ಎಳೆದರೆ ದೊಡ್ಡ ಚಕ್ರಗಳು ಮೆಟ್ಟಿಲು ಹತ್ತುತ್ತವೆ.

"ಬಕಲ್ ಹಾಕೋದು ಕಷ್ಟ," ಎಂದು ತೋರಿಸಿದೆ. "ಅಂಗೈಯಿಂದ ಸೀಟಿಗೆ ಒತ್ತಿ ಹಿಡೀಬೇಕು, ಎರಡು ಬೆರಳಲ್ಲಿ ಬೆಲ್ಟ್ ತೂರಿಸಬೇಕು. ನನಗೆ ನಲವತ್ತು ಸಲ ಬೇಕಾಯ್ತು."

"ನನಗೆ?"

"ನೀವು ಮೇಷ್ಟ್ರು. ಐವತ್ತು."

ಅವರು ನಕ್ಕರು. ನಕ್ಕಿದ್ದು ಅವರಿಗೇ ಅಚ್ಚರಿಯಾದಂತೆ ತಕ್ಷಣ ತಲೆ ತಗ್ಗಿಸಿ ಬಕಲ್ಲಿಗೆ ಕೈ ಹಾಕಿದರು. ನಾವಿಬ್ಬರೂ ಎರಡೇ ಕೈಗಳಲ್ಲಿ ಗುಂಡನನ್ನು ಕೂರಿಸಿ, ಕಟ್ಟಿ, ಬಿಚ್ಚಿ, ಮತ್ತೆ ಕೂರಿಸಿದೆವು. ಒಂದು ಸಲ ಬೆಲ್ಟಿನ ಮೇಲೆ ಅವರ ಬೆರಳು ನನ್ನ ಬೆರಳಿಗೆ ತಾಗಿತು. ಅವರು ಕೂಡಲೇ ಕೈ ತೆಗೆದು "ಸಾರಿ" ಎಂದರು. ಹಾಗೆ ತೆಗೆಯಬಾರದಿತ್ತು ಎಂದು ನನಗೆ ಅನ್ನಿಸಿತು.

ಹೊರಡುವಾಗ ಚೀಲದಿಂದ ಬಣ್ಣದ ಪೆನ್ಸಿಲ್ಲಿನ ಎರಡು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು.

"ನಿಮ್ಮ ಮಕ್ಕಳಿಗೆ. ಜಗಳ ಆಡಬಾರ್ದು ಅಂತ ಎರಡೂ ಒಂದೇ ಥರದ್ದು."

ಆಗ ಮೊದಲ ಸಲ ಆ ಸುಳ್ಳಿಗೆ ನನಗೆ ನಾಚಿಕೆಯಾಯಿತು. ಡಬ್ಬಿಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಮುಂದಿನ ದಿನಗಳಲ್ಲಿ ಐದು ಗಂಟೆ ಎಂದರೆ ಅವರು ಎಂದಾಯಿತು. ನಾಲ್ಕೂವರೆಗೇ ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆ, ಆಮೇಲೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅವರು ಮಗುವಿನ ವಿಷಯ ಮಾತಾಡುತ್ತಿದ್ದರು: ಅದು ನಿದ್ದೆಯಲ್ಲಿ ತನ್ನ ಕಿವಿಯನ್ನೇ ಹಿಡಿದುಕೊಳ್ಳುತ್ತದೆ, ಅದರ ಅಮ್ಮನೂ ಹಾಗೇ ಮಾಡುತ್ತಿದ್ದಳು. ನನ್ನ ಮುಖವನ್ನು ಮಾತ್ರ ಅವರು ಮತ್ತೆ ನೆಟ್ಟಗೆ ನೋಡಲಿಲ್ಲ. ಗಾಡಿಯ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದರು.

ಅಪಘಾತವಾದ ಬಸ್ಸಿನಲ್ಲಿ ತಾವೂ ಮಗುವೂ ಇದ್ದೆವು ಎಂದು ಒಮ್ಮೆ ಮಾತಿನ ನಡುವೆ ಹೇಳಿದ್ದರು. ಬುಧವಾರ ಕೇಳಿಬಿಟ್ಟೆ. "ಬಸ್ಸಲ್ಲಿ ಮಗು ಯಾರ ಹತ್ರ ಇತ್ತು?"

"ನನ್ನ ಹತ್ರ," ಎಂದರು. ಗುಂಡನ ಬೆಲ್ಟ್ ಬಿಚ್ಚುತ್ತಾ, "ಎಡಗಡೆ," ಎಂದರು.

ಅವರು ಹೋದ ಮೇಲೆ ಗುಂಡನ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತೆ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಅವರು ನಂಬಿದ್ದು ಮಾತ್ರ ನನ್ನನ್ನಲ್ಲ, ಇಬ್ಬರು ಮಕ್ಕಳ ತಾಯಿಯನ್ನು. ಶುಕ್ರವಾರ ಅವರು ಬಂದಾಗ ನಿಜ ಹೇಳೋಣ ಎಂದುಕೊಂಡೆ. ನಾಳೆಯೇ ಸೋದರತ್ತೆಯ ಮುಂದೆ ಅವರ ಪರೀಕ್ಷೆ, ಇವತ್ತು ಮನಸ್ಸು ಕದಡುವುದು ಬೇಡ ಎಂದು ಮಾತು ನುಂಗಿದೆ. ನಿಜವೆಂದರೆ, ನನಗೆ ಧೈರ್ಯ ಸಾಲಲಿಲ್ಲ.

ಶನಿವಾರ ಮಧ್ಯಾಹ್ನ ಮೇಷ್ಟ್ರ ಜೊತೆ ಸೋದರತ್ತೆ ಅಂಗಡಿಗೆ ಬಂದರು. ಐವತ್ತರ ಹೆಂಗಸು, ಸೊಂಟದ ಮೇಲೆ ಮಗು, ಕಣ್ಣ ಕೆಳಗೆ ಕಪ್ಪು. ತಮ್ಮನನ್ನು ಕಳೆದುಕೊಂಡವರು ಎಂದು ನೋಡಿದರೇ ತಿಳಿಯುತ್ತಿತ್ತು.

"ಇವರೇನಾ ನಿನ್ನ ಬ್ರೇಕ್ ಮೇಡಂ?"

"ಹೌದಕ್ಕಾ. ಇವರಿಗೂ ಇಬ್ಬರು ಮಕ್ಕಳು. ಸುಮ್ನೆ ಏನೂ ಹೇಳೋರಲ್ಲ," ಎಂದರು ಮೇಷ್ಟ್ರು.

ಆಕೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ನೀವೇ ಹೇಳಿಮ್ಮಾ. ಹೆತ್ತವರು ನೀವು. ಒಂದು ಕೈ ಆಡದಿರೋನ ಹತ್ರ ನಿಮ್ಮ ಮಗೂನ ಬಿಟ್ಟು ಹೋಗ್ತಿದ್ರಾ?"

ಹೂಂ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರ ಕಣ್ಣು ನನ್ನ ಮೇಲಿತ್ತು. ಮಗು ತನ್ನ ಕಿವಿಯನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. ಆ ಹೆಂಗಸು ಮಗುವಿನ ಇಡೀ ಬದುಕನ್ನು ನನ್ನ ಒಂದು ಮಾತಿನ ಮೇಲೆ ಇಡುತ್ತಿದ್ದರು, ಆ ಮಾತಿಗೆ ನನ್ನಲ್ಲಿ ಏನೂ ಆಧಾರವಿರಲಿಲ್ಲ.

ಡ್ರಾಯರಿನ ಬೀಗ ತೆಗೆದು ಎರಡು ಡಬ್ಬಿಗಳನ್ನೂ ಕೌಂಟರಿನ ಮೇಲಿಟ್ಟೆ. ಒಂದರ ಕಾಗದವೂ ಬಿಚ್ಚಿರಲಿಲ್ಲ.

"ನನಗೆ ಮಕ್ಕಳಿಲ್ಲ ಅಮ್ಮ. ಮದುವೇನೂ ಆಗಿಲ್ಲ. ಗಿರಾಕಿಗಳಿಗೆ ಹಾಗೆ ಹೇಳೋದು ನಮ್ಮ ಅಂಗಡಿ ಅಭ್ಯಾಸ. ಮೇಷ್ಟ್ರಿಗೂ ಸುಳ್ಳೇ ಹೇಳಿದ್ದೆ."

ಅವರ ಕಡೆ ನೋಡುವ ಧೈರ್ಯವಾಗಲಿಲ್ಲ.

"ಹಾಗಾದ್ರೆ ನಿಮಗೇನಮ್ಮಾ ಗೊತ್ತು?" ಅತ್ತೆಯ ದನಿ ಗಟ್ಟಿಯಾಯಿತು.

"ಮಕ್ಕಳ ವಿಷಯ ಗೊತ್ತಿಲ್ಲ. ಒಂದು ಕೈ ವಿಷಯ ಹತ್ತು ದಿನದಿಂದ ಸ್ವಲ್ಪ ಗೊತ್ತು." ಎಡತೋಳಿನ ಬಟ್ಟೆ ಸರಿಸಿ ಸ್ಕಾರ್ಫಿನ ಗುರುತು ತೋರಿಸಿದೆ. "ಈ ಗಾಡಿ ಇಟ್ಕೊಂಡು ಅವರೊಬ್ಬರೇ ಬಸ್ ಹತ್ತೋಕಾಗಲ್ಲ. ಮೂರು ಮೆಟ್ಟಿಲಿಗಿಂತ ಜಾಸ್ತಿ ಇದ್ರೆ ಯಾರನ್ನಾದ್ರೂ ಕರೀಬೇಕು. ಮಿಕ್ಕಿದ್ದೆಲ್ಲಾ ಆಗುತ್ತೆ. ನಾನು ಮಾಡಿ ನೋಡಿದ್ದೀನಿ. ಅವರು ನನಗಿಂತ ಚೆನ್ನಾಗಿ ಮಾಡ್ತಾರೆ."

ಕೊನೆಗೆ ಅತ್ತೆ ಮಗುವನ್ನು ಮೇಷ್ಟ್ರ ಬಲತೋಳಿಗೆ ಕೊಟ್ಟರು. "ಮಾಡು ನೋಡೋಣ."

ಅವರು ಮೊದಲು ಬ್ರೇಕ್ ಒತ್ತಿದರು. ಮಗುವನ್ನು ಕೂರಿಸಿದರು. ಗುಂಡ ಯಾವತ್ತೂ ಒದೆಯುತ್ತಿರಲಿಲ್ಲ; ಇದು ಒದೆಯಿತು, ಕನ್ನಡಕ ಎಳೆಯಿತು. ಬಕಲ್ ಒಂದು ಸಲ ಜಾರಿತು. ನನ್ನ ಕೈಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಇನ್ನೊಂದು ಸಲವೂ ಜಾರಿತು. ಮೂರನೆಯ ಸಲ ಟಕ್ ಎಂದಿತು. ಹಿಡಿಯ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಂಡು, ಗಾಡಿಯನ್ನು ತಮ್ಮ ಕಡೆಗೆ ಬಾಗಿಸಿ, ಎರಡು ಮೆಟ್ಟಿಲನ್ನು ಒಂದೊಂದಾಗಿ ಇಳಿಸಿ, ಬೀದಿಯ ತಿರುವಿನಲ್ಲಿ ಮರೆಯಾದರು.

ನಾವಿಬ್ಬರು ಹೆಂಗಸರು ಬಾಗಿಲಲ್ಲಿ ನಿಂತೆವು.

"ಆ ಕೈ ಯಾಕೆ ಹೋಯ್ತು ಗೊತ್ತಾ?" ಎಂದರು ಅತ್ತೆ.

"ಗೊತ್ತು."

"ಮಗೂನ ಬಿಟ್ಟಿದ್ರೆ ಕೈ ಉಳೀತಿತ್ತು ಅಂದ್ರು ಡಾಕ್ಟರು. ಅದು ನನಗೂ ಗೊತ್ತಮ್ಮಾ. ಏನ್ ಮಾಡ್ಲಿ, ಇವಳ ಮುಖದಲ್ಲಿ ನನ್ನ ತಮ್ಮ ಇದ್ದಾನೆ." ಅವರು ಕಣ್ಣೊರೆಸಿಕೊಂಡರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ.

ಮೇಷ್ಟ್ರು ಬೀದಿ ಸುತ್ತಿ ಬಂದರು. ಬೆನ್ನು ಹಿಂದೆ ಮಾಡಿ ಗಾಡಿಯನ್ನು ಮೆಟ್ಟಿಲ ಮೇಲಕ್ಕೆ ಎಳೆದರು. ಮಗು ನಿದ್ದೆ ಹೋಗಿತ್ತು.

ಅತ್ತೆ ಬಗ್ಗಿ ಅದರ ಹಣೆಗೆ ಮುತ್ತಿಟ್ಟರು. "ತಿಂಗಳಿಗೊಂದ್ಸಲ ನನಗೆ ತೋರಿಸ್ಬೇಕು."

"ಎರಡು ಸಲ ತೋರಿಸ್ತೀನಿ ಅಕ್ಕಾ."

"ಬಟ್ಟೆಬರೆ ಸಂಜೆ ತಂದುಕೊಡ್ತೀನಿ," ಎಂದು ತಿರುಗಿ ನೋಡದೆ ಹೋದರು.

ಈಗ ಉಳಿದದ್ದು ನಾವು. ನಾನು ಕೌಂಟರಿನ ಮೇಲಿನ ಧೂಳು ಒರೆಸತೊಡಗಿದೆ. ಧೂಳೇನೂ ಇರಲಿಲ್ಲ.

"ಕೋಪ ಬಂದಿದ್ಯಾ?" ಎಂದೆ.

"ಬಂದಿದೆ," ಎಂದರು. "ಇಷ್ಟು ದಿನ ಆ ಇಬ್ಬರು ಮಕ್ಕಳಿಗೆ ಹೆದರಿ ನಿಮ್ಮನ್ನ ಮುಖ ಎತ್ತಿ ನೋಡಿಲ್ಲ. ಅವರಪ್ಪ ಹೇಗಿರಬಹುದು ಅಂತ ಯೋಚಿಸ್ತಾ ಬೋರ್ಡ್ ಮೇಲೆ ಲೆಕ್ಕ ತಪ್ಪು ಬರೆದಿದ್ದೀನಿ. ಕ್ಲಾಸಿನ ಮಕ್ಕಳೇ ತಿದ್ದಿದ್ರು."

"ಹೇಗಿದ್ದ ಅವರಪ್ಪ?"

"ಎರಡು ಕೈ ಇತ್ತು ಅವನಿಗೆ."

ಬಟ್ಟೆ ಕೆಳಗಿಟ್ಟು ಅವರ ಎದುರಿಗೆ ಹೋಗಿ ನಿಂತೆ.

"ಅಂಥವನು ಯಾರೂ ಇಲ್ಲ ಮೇಷ್ಟ್ರೇ. ಬೇಕಾಗೂ ಇಲ್ಲ. ನನಗೆ ನೀವು ಬೇಕು. ಇದು ಸುಳ್ಳಲ್ಲ."

ಅವರು ನನ್ನನ್ನು ನೋಡಿದರು. ಆ ಗುರುವಾರ ಬಾಗಿಲಲ್ಲಿ ನಿಂತು ನೋಡಿದ ಹಾಗೆಯೇ, ಅಷ್ಟೇ ಹೊತ್ತು. ಆಮೇಲೆ ಪೆನ್ಸಿಲ್ಲಿನ ಒಂದು ಡಬ್ಬಿಯನ್ನು ಗಾಡಿಯ ಕೆಳಗಿನ ಬುಟ್ಟಿಗೆ ಹಾಕಿದರು. ಇನ್ನೊಂದನ್ನು ನನ್ನ ಕಡೆ ಸರಿಸಿದರು.

"ಅದು ನಿಮ್ಮ ಡ್ರಾಯರಲ್ಲೇ ಇರ್ಲಿ. ಮುಂದೆ ಬೇಕಾಗ್ಬಹುದು."

ಯಜಮಾನರು ಒಳಗಿನಿಂದ ಕೆಮ್ಮಿ, ಇವತ್ತು ಬೇಗ ಹೋಗಮ್ಮಾ ಎಂದರು.

ಅವರ ಮನೆಯ ದಾರಿಯಲ್ಲಿ ಒಂದು ಏರು ಇದೆ. ಗಾಡಿ ನಿಧಾನವಾದಾಗ ನನ್ನ ಕೈ ಹಿಡಿಯ ಎಡತುದಿಗೆ ಹೋಯಿತು.

"ಬೇಡ," ಎಂದರು ಮೆಲ್ಲಗೆ. "ತಳ್ಳೋದು ನಾನೇ ತಳ್ತೀನಿ. ನೀವು ಜೊತೆಗೆ ಬನ್ನಿ."

ನಾನು ಹಿಡಿಯನ್ನು ಬಿಟ್ಟು ಅವರ ಎಡಗಡೆಗೆ ಬಂದೆ. ಕೋಟಿನ ಜೇಬಿನೊಳಗೆ ಕೈ ಹಾಕಿ, ಅಲ್ಲಿ ಸುಮ್ಮನಿದ್ದ ಅವರ ಕೈಯನ್ನು ಹಿಡಿದುಕೊಂಡೆ. ಆ ಕೈಗೆ ಅದು ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯಿತು. ಏರು ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ, ಮಗು ಎದ್ದುಬಿಟ್ಟೀತು ಎಂದು.