ನಾಲ್ಕನೆಯವಳ ಸಕ್ಕರೆ ಪುಡಾ

"ಬಾಜೂಲಾ ವ್ಹಾ...! ಸರೀರಿ, ಸರೀರಿ!"

ಬೆಳಗಿನ ಆರು ಗಂಟೆ. ಪುಣೆಯ ನಿಗಡಿಯ ಇಳಿಜಾರು ರಸ್ತೆಯಲ್ಲಿ ಮಾಧುರಿ ಹೀಗೆ ಕೂಗುತ್ತಾ ಬರುತ್ತಿದ್ದಳು. ಕಾಲಿಗೆ ಉದ್ದನೆಯ ಎರಡು ಪಟ್ಟಿ, ಪಟ್ಟಿಗಳ ಹಿಂದೆ ಮುಂದೆ ಗಾಲಿ, ಕೈಯಲ್ಲಿ ಎರಡು ಕೋಲು, ಬೆನ್ನ ಮೇಲೆ ಮರದ ಬಂದೂಕು.

ಎದುರಿಗೆ ಹೋಟೆಲ್ಲಿನ ಮುಂದೆ, ರಸ್ತೆಯ ಅಂಚಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಒಬ್ಬ ಯುವಕ. ಇಂಥ ಅವತಾರ ಮೈಮೇಲೆ ಬಂದರೆ ಯಾರೇ ಆಗಲಿ ಓಡಿಹೋಗುತ್ತಾರೆ. ಈ ಪುಣ್ಯಾತ್ಮ ಕ್ಯಾನು ಕೆಳಗಿಟ್ಟು ಎರಡೂ ಕೈ ಚಾಚಿ ನಿಂತ!

ಇಬ್ಬರೂ ಬಿದ್ದರು. ಹಾಲೂ ಚೆಲ್ಲಿತು.

"ಇದಕ್ಕೆ ಬ್ರೇಕ್ ಇಲ್ವಾ ಮಾರಾಯ್ರೆ?" ಎಂದು ಅವನು ಕೆಳಗಿನಿಂದಲೇ ಕೇಳಿದ.

"ಇರೂದಿಲ್ರಿ. ಅದಕ್ಕs ಸರೀರಿ ಅಂತ ಕೂಗಿದ್ದು."

"ನಾನು ಸರಿದಿದ್ರೆ ನೀವು ಅಲ್ಲಿಗೆ ಹೋಗ್ತಿದ್ರಿ."

ಮಾಧುರಿ ತಿರುಗಿ ನೋಡಿದಳು. ಅವನ ಬೆನ್ನ ಹಿಂದೆ ಬಾಯಿ ತೆರೆದ ಗಟಾರ! ಅವಳ ಎದೆ ಧಸಕ್ಕೆಂದಿತು. ಗಟಾರ ನೋಡಿಯೋ, ಇಷ್ಟು ಹತ್ತಿರ ಕಂಡ ಆ ಕಣ್ಣು ನೋಡಿಯೋ... ಅವಳನ್ನೇ ಕೇಳಬೇಕು. ಕೇಳಿದರೆ ಹೇಳುವವಳಲ್ಲ ಬಿಡಿ.

ಅದು 2004ರ ಅಕ್ಟೋಬರ್. ಯುವಕನ ಹೆಸರು ಸುಖೇಶ್. ಹೋಟೆಲ್ ಅವನ ಮಾವನದು, ಉಡುಪಿ ಕಡೆಯವರು. ಅವನು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಿಗ್ಗೆ ಒಂದು ತಾಸು ಮಾವನಿಗೆ ಕೈಜೋಡಿಸಿ ಆಮೇಲೆ ಕಂಪನಿ ಬಸ್ಸು ಹತ್ತುತ್ತಿದ್ದ. ಅಂದು ಬಸ್ಸು ತಪ್ಪಿತು. ಯಾಕೆಂದರೆ ಸಾಹೇಬರು ಅವಳ ಗಾಲಿಯ ಬೇರಿಂಗ್ ಬಿಚ್ಚಿಕೊಂಡು ಕೂತಿದ್ದರು.

ಈ ಆಟದ ಬಗ್ಗೆ ಅವನಿಗೆ ಮಾಧುರಿಯೇ ತಿಳಿಸಿ ಹೇಳಿದಳು. ಇದು ಬಯಾಥ್ಲಾನ್. ಹಿಮದ ಮೇಲೆ ಜಾರುತ್ತಾ ಓಡಬೇಕು. ನಡುವೆ ನಿಂತು, ಏದುಸಿರು ಹಿಡಿದು, ಐದು ಗುರಿಗೆ ಗುಂಡು ಹೊಡೆಯಬೇಕು. ಒಂದು ತಪ್ಪಿದರೆ ಶಿಕ್ಷೆಯಾಗಿ ಒಂದು ಸುತ್ತು ಹೆಚ್ಚು ಓಡಬೇಕು. ಪುಣೆಯಲ್ಲಿ ಹಿಮವೆಲ್ಲಿಂದ ಬರಬೇಕು? ಅದಕ್ಕೇ ಡಾಂಬರು ರಸ್ತೆ, ಗಾಲಿ.

"ದೇಶ ದೊಡ್ಡದಾದ್ರ ಏನಾತ್ರಿ, ಈ ಆಟದಾಗ ನಾವು ಭಾಳ ಸಣ್ಣವರು," ಎಂದಳು. "ತಂಡಕ್ಕ ನಾಲ್ಕು ಮಂದಿ ಹೆಣ್ಮಕ್ಕಳು ಬೇಕು, ಒಬ್ಬರಾದ ಮ್ಯಾಲ ಒಬ್ಬರು ಓಡಬೇಕು. ನಾಲ್ಕು ಸಿಗೂದs ಕಷ್ಟ."

ನಿಜವೇ. ತರಬೇತಿಯ ಸುಲಭಾ ಮೇಡಂ ಆರು ವರ್ಷದಿಂದ ಒದ್ದಾಡುತ್ತಿದ್ದರು. ಒಬ್ಬಳು ಬಂದರೆ ಇನ್ನೊಬ್ಬಳಿಗೆ ಮದುವೆ. ಅವಳ ಜಾಗಕ್ಕೆ ಸಿಕ್ಕವಳಿಗೆ ಬ್ಯಾಂಕಿನ ಕೆಲಸ. ಫೆಬ್ರವರಿಯಲ್ಲಿ ಉತ್ತರದ ಹಿಮದಲ್ಲಿ ಆರು ದೇಶಗಳ ಪಂದ್ಯ. ಈ ಸಲ ಮೂವರಿದ್ದರು, ಮಾಧುರಿ ನಾಲ್ಕನೆಯವಳು. ಅವಳು ಇಲ್ಲವೆಂದರೆ ತಂಡವೇ ಇಲ್ಲ!

ಅಂದಿನಿಂದ ಸುಖೇಶ ನಾಲ್ವರಿಗೂ ಮಿಸ್ತ್ರಿಯಾದ. ಸವೆದ ಗಾಲಿ, ಮುರಿದ ಕೊಂಡಿ, ಎಲ್ಲ ಅವನ ಕೈಗೆ ಬಂದವು. ಗುರುವಾರ ಕಾರ್ಖಾನೆಗೆ ರಜೆ. ಅಂದು ಅವನು ರಸ್ತೆಯ ಬದಿಯಲ್ಲೇ ಇರುತ್ತಿದ್ದ. ಅಂಥ ಒಂದು ಗುರುವಾರ ಮಾಧುರಿ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು. ಪಂದ್ಯಕ್ಕೆ ಮೊದಲೇ ಮನೆಯಲ್ಲಿ ಲಗ್ನ ಗೊತ್ತು ಮಾಡಿಬಿಟ್ಟರೆ ತನ್ನ ಕಥೆ ಮುಗಿದಂತೆ, ಅದೊಂದೇ ಭಯ ಅಂತ.

'ಇವನ ಹತ್ತಿರ ಯಾಕೆ ಹೇಳಿದೆ?' ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಉತ್ತರ ಗೊತ್ತಿತ್ತು. ಒಬ್ಬಳೇ ನಗುತ್ತಾ ಮನೆ ಸೇರಿದಳು.

ಇಲ್ಲಿ ಒಂದು ಎಡವಟ್ಟಾಯಿತು ನೋಡಿ.

ಸುಖೇಶನ ತಾಯಿ ಲೀಲಾಕ್ಷಿ ಊರಿನಿಂದ ಬಂದು ಎರಡೇ ತಿಂಗಳಾಗಿತ್ತು. ಮಾಧುರಿಯ ಮನೆಯವರು ಬಿಜಾಪುರದ ಕಡೆಯವರು, ಆ ಕಡೆ ದೂರ ಹೊರಟ ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆಂದು ಯಾರೋ ಹೇಳಿದ್ದರು. ಸರಿ, ಒಂದು ಸೀರೆ, ತೆಂಗಿನಕಾಯಿ ತೆಗೆದುಕೊಂಡರು. ಪೇಟೆಯಲ್ಲಿ ಜರಿ ಸುತ್ತಿದ, ಮೇಲೆ ಚೂಪಾದ, ಚೆಂದದ ಸಕ್ಕರೆ ಪೊಟ್ಟಣ ಕಣ್ಣಿಗೆ ಬಿತ್ತು. ಅದನ್ನೂ ಕೊಂಡರು. ಎಲ್ಲ ತಟ್ಟೆಯಲ್ಲಿಟ್ಟು ಮಾಧುರಿಯ ಮನೆಗೆ ಹೋಗಿ, ಅವಳ ತಾಯಿ ಕಲ್ಲವ್ವನ ಕೈಗೆ ಕೊಟ್ಟು, ಕುಂಕುಮ ಹಚ್ಚಿಸಿಕೊಂಡು ಬಂದರು.

ಅದು ಬರೀ ಸಕ್ಕರೆಯಲ್ಲ, ಸಕ್ಕರೆ ಪುಡಾ! ಪುಣೆಯಲ್ಲಿ ಗಂಡಿನ ತಾಯಿ ಸೀರೆಯ ಜೊತೆ ಅದನ್ನು ತಂದಳೆಂದರೆ, ಹೆಣ್ಣಿನ ಮನೆಯವರು ಇಸಿದುಕೊಂಡರೆಂದರೆ, ಮಾತು ಮುಗಿಯಿತು. ನಿಶ್ಚಿತಾರ್ಥ!

ಕಲ್ಲವ್ವನಿಗೆ ಹಿಗ್ಗೋ ಹಿಗ್ಗು. ತಂದೆ ರಾಮಲಿಂಗಪ್ಪ, ಕಚೇರಿಯ ಗುಮಾಸ್ತ, ಜಾತಿ ಬೇರೆಯೆಂದು ಸ್ವಲ್ಪ ಕೆಮ್ಮಿದರು. ಪುಡಾ ಇಸಿದುಕೊಂಡಾಗಿದೆ, ಹುಡುಗನೂ ಬಂಗಾರ ಎಂದು ಸುಮ್ಮನಾದರು.

"ಮಾಘದಾಗ ಲಗ್ನ. ಇನ್ನ ಬಂದೂಕು ಗಿಂದೂಕು ಎಲ್ಲಾ ಅವರ ಮನಿಯವರನ್ನ ಕೇಳಿ," ಎಂದಳು ಕಲ್ಲವ್ವ.

ಮಾಘವೆಂದರೆ ಫೆಬ್ರವರಿ. ಪಂದ್ಯದ ತಿಂಗಳೇ!

ಮಾಧುರಿಯ ಕಣ್ಣು ಕತ್ತಲೆಗಟ್ಟಿತು. ನೇರ ಹೋಟೆಲ್ಲಿಗೆ ಹೋಗಿ ಗಾಲಿಪಟ್ಟಿಗಳನ್ನು ಸುಖೇಶನ ಮುಂದೆ ಇಟ್ಟಳು.

"ನನ್ನ ಭಯ ನಿಮಗೊಬ್ಬರಿಗೇ ಗೊತ್ತಿತ್ತು. ಅದನ್ನs ಹಿಡಕೊಂಡು ನನ್ನ ಕಟ್ಟಿಹಾಕಿದ್ರಿ. ಭಾಳ ಶಾಣ್ಯಾ ಇದ್ದೀರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಅಳು ಯಾರಿಗೂ ಕಾಣಬಾರದಲ್ಲ...

ವಿಷಯ ತಿಳಿದು ಲೀಲಾಕ್ಷಿ ತಲೆಯ ಮೇಲೆ ಕೈಯಿಟ್ಟರು. "ಓಡುವ ಮಗು, ಬಾಯಿಗೊಂದು ಸಿಹಿ ಬೇಕಲ್ಲ ಅಂತ ತಂದೆ. ಅದರಲ್ಲಿ ಇಷ್ಟೆಲ್ಲ ಉಂಟು ಅಂತ ನಂಗೆಂಥ ಗೊತ್ತು?"

ಆ ಸಂಜೆಯೇ ಸುಖೇಶ ತಾಯಿಯನ್ನು ಕರೆದುಕೊಂಡು ರಾಮಲಿಂಗಪ್ಪನವರ ಮನೆಗೆ ಬಂದ. ಮಾಧುರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ಆದದ್ದೆಲ್ಲ ತಾಯಿಗೆ ಇಲ್ಲಿಯ ಪದ್ಧತಿ ತಿಳಿಯದೆ ಆದ ತಪ್ಪು ಎಂದು ಕೈಮುಗಿದು ಹೇಳಿದ.

"ಇದು ನಿಶ್ಚಯ ಅಲ್ಲ. ನನ್ನ ಮನಸ್ಸಲ್ಲಿ ಅಂಥದ್ದು ಏನೂ ಇಲ್ಲ. ಅವರನ್ನು ಹೋಗಲು ಬಿಡಿ. ಅವರಿಲ್ಲದಿದ್ರೆ ಉಳಿದ ಮೂವರೂ ಹೋಗುವ ಹಾಗಿಲ್ಲ."

ಕಲ್ಲವ್ವನ ಮುಖ ಸಣ್ಣದಾಯಿತು. ತಟ್ಟೆ ವಾಪಸ್ಸು ಹೋಯಿತು. ರಾಮಲಿಂಗಪ್ಪ ಕನ್ನಡಕ ಹಾಕಿಕೊಂಡು, ಮಗಳನ್ನು ಪಂದ್ಯಕ್ಕೆ ಕಳಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು.

ಬೇಕಾದದ್ದೆಲ್ಲ ಸಿಕ್ಕಿತು. ಆದರೂ ಮಾಧುರಿ ದಿಂಬಿಗೆ ಮುಖವೊತ್ತಿ ಅತ್ತಳು. 'ಏನೂ ಇಲ್ಲವಂತೆ... ಏನೂ ಇಲ್ಲವೇ?'

ಅವಳು ಕ್ಷಮೆ ಕೇಳಬೇಕೆಂದುಕೊಂಡಳು. ಮುಖ ತೋರಿಸಲು ಧೈರ್ಯ ಬರಲಿಲ್ಲ. ಅವನೂ ರಸ್ತೆಗೆ ಬರಲಿಲ್ಲ. ರಿಪೇರಿ ಮಾಡಿದ ಸಾಮಾನೆಲ್ಲ ಸುಲಭಾ ಮೇಡಂ ಕೈಗೇ ಮುಟ್ಟುತ್ತಿತ್ತು.

ಫೆಬ್ರವರಿ ಬಂತು. ಹಿಮವೂ ಕಂಡಿತು. ಪಂದ್ಯದ ಬೆಳಿಗ್ಗೆ ಮಾಧುರಿ ಚೀಲ ತೆರೆದರೆ, ಕೊಂಡಿ ಬಿಗಿಮಾಡಿದ ಹಿಮಪಟ್ಟಿಗಳ ನಡುವೆ... ಅದೇ ಜರಿ ಸುತ್ತಿದ ಪುಡಾ! ಜೊತೆಗೊಂದು ಚೀಟಿ.

'ಓಡುವಾಗ ಬಾಯಿಗೆ ಹಾಕಿಕೊಳ್ಳಲು. ಬೇರೆ ಅರ್ಥ ಇಲ್ಲ.'

ಚೀಟಿಯನ್ನು ಬೆಳಕಿಗೆ ಹಿಡಿದಳು. ಮೊದಲು 'ಬೇರೆ ಅರ್ಥ ಉಂಟು' ಎಂದು ಬರೆದು, 'ಉಂಟು' ಹೊಡೆದುಹಾಕಿ, ಮೇಲೆ 'ಇಲ್ಲ' ಎಂದು ಬರೆದಿದ್ದ. ಹೊಡೆದದ್ದೂ ಸರಿಯಾಗಿ ಹೊಡೆದಿರಲಿಲ್ಲ, ಹುಚ್ಚಪ್ಪ!

ಮಾಧುರಿಗೆ ಮೈ ಚಳಿಯೇ ಮರೆತುಹೋಯಿತು.

ಮೈದಾನದ ಅಂಚಿನಲ್ಲಿ ಒಂದು ಪುಟ್ಟ ದೇಶದ ಮೂವರು ಹುಡುಗಿಯರು ನಂಬರಿನ ಬಟ್ಟೆ ತೊಟ್ಟು ಸುಮ್ಮನೆ ನಿಂತಿದ್ದರು. ಅವರ ನಾಲ್ಕನೆಯವಳಿಗೆ ಜ್ವರ. ಬದಲಿಗೆ ಇನ್ನೊಬ್ಬಳು ಇರಲಿಲ್ಲ. ಅಷ್ಟು ದೂರದಿಂದ ಬಂದು ಓಡುವ ಹಾಗಿಲ್ಲ. ಮಾಧುರಿ ನಿಂತು ಅವರನ್ನೇ ನೋಡಿದಳು. 'ನಮ್ಮದೂ ಹೀಗೇ ಆಗುತ್ತಿತ್ತು. ಅವನು ತನ್ನ ಮನಸ್ಸನ್ನೇ ಇಲ್ಲವೆಂದು ಹೇಳಿ ನಮ್ಮನ್ನು ಕಳಿಸಿದ.'

ಅವಳದು ಕೊನೆಯ ಸರದಿ. ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಹೊರಟಳು. ಒಂದು ಗುಂಡು ತಪ್ಪಿತು, ಶಿಕ್ಷೆಯ ಸುತ್ತನ್ನೂ ಓಡಿದಳು. ಓಡಿದ ಐದು ತಂಡಗಳಲ್ಲಿ ನಮ್ಮದು ಐದನೆಯದು. ಆದರೆ ಹಲಗೆಯ ಮೇಲೆ ನಾಲ್ಕು ಹೆಸರೂ ಇದ್ದವು! ಸುಲಭಾ ಮೇಡಂ ಮಗುವಿನ ಹಾಗೆ ಕುಣಿದರು. ಆ ಮೂವರು ಹುಡುಗಿಯರೂ ಚಪ್ಪಾಳೆ ತಟ್ಟಿದರು. ಉಳಿದ ಸಕ್ಕರೆಯನ್ನು ಮಾಧುರಿ ಅವರಿಗೆಲ್ಲ ಹಂಚಿದಳು.

ಮರಳಿ ನಿಗಡಿ. ಬೆಳಗಿನ ಆರು ಗಂಟೆ. ಅದೇ ಇಳಿಜಾರು. ಹೋಟೆಲ್ಲಿನ ಮುಂದೆ ಹಾಲಿನ ಕ್ಯಾನು ಹಿಡಿದ ಅದೇ ಯುವಕ. ಗಾಲಿಯ ಸದ್ದು ಕೇಳಿ ತಲೆಯೆತ್ತಿದವನು ಬೇಗ ಬದಿಗೆ ಹೆಜ್ಜೆ ಇಟ್ಟ.

"ಸರೀಬ್ಯಾಡ್ರಿ...!"

ಅವನು ಕ್ಯಾನು ಕೆಳಗಿಟ್ಟು ನಿಂತ. ಈ ಸಲ ಇಬ್ಬರೂ ಬೀಳಲಿಲ್ಲ. ಅವಳ ಎರಡೂ ಕೈ ಅವನ ಕೈಯಲ್ಲೇ ಉಳಿದವು.

"ಅವತ್ತು ಭಾಳ ಬಿರುಸು ಮಾತಾಡಿದೆ. ತಪ್ಪಾತು," ಎಂದಳು ಮೆಲ್ಲಗೆ. ಆಮೇಲೆ ಒಂದು ಕೈ ಬಿಡಿಸಿಕೊಂಡು, ಖಾಲಿ ಜರಿ ಕಾಗದ ತೆಗೆದು ಅವನ ಅಂಗೈಯಲ್ಲಿಟ್ಟಳು. "ಸಕ್ಕರಿ ತೀರಿತು. ಇನ್ನೊಂದು ಪುಡಾ ಬೇಕು. ಈ ಸಲ ಅರ್ಥ ಗೊತ್ತಿದ್ದು ತರ್ರಿ."

ಸುಖೇಶ ಕಾಗದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಮತ್ತೆ... ಮುಂದಿನ ವರ್ಷದ ತಂಡ?"

"ನಾಲ್ಕನೇದಾಕಿ ನಾನs. ಅದಕ್ಕ ಒಪ್ಪಿಗಿ ಇದ್ರ ಮಾತ್ರ ತರ್ರಿ."

ಅವಳ ಮುಖದಿಂದ ಕಣ್ಣು ತೆಗೆಯದೆಯೇ ಅವನು ಒಳಗೆ ಕೂಗಿದ.

"ಅಮ್ಮಾ, ಆ ಸಕ್ಕರೆ ಅಂಗಡಿ ಎಷ್ಟು ಗಂಟೆಗೆ ತೆರೀತದೆ?"